ಹಳೆ ಪಿಕಪ್‌ಗೆ ಹೊಸ ಗೇರ್ ಬಾಕ್ಸ್: ಕೆಲಸ ಕೆಳಗಿನಿಂದ ಶುರುವಾಗಲಿ

ಮಾನ್ಯರೇ,

ಮಲೆನಾಡಿನ ತೋಟಗಳ ಶೆಡ್‌ಗಳಲ್ಲಿ ಧೂಳು ತಿನ್ನುತ್ತಿದ್ದ ವಿಲ್ಲೀಸ್ ಜೀಪ್ ಸಂತತಿಯ ಫೋರ್‌ವೀಲ್ ಪಿಕಪ್‌ಗಳನ್ನು ಹೊರಗೆಳೆದು, ಪವರ್ ಸ್ಟೇರಿಂಗ್ ಮತ್ತು ಐದು ಗೇರಿನ ಬಾಕ್ಸ್ ಕೂರಿಸಿ ಮತ್ತೆ ರಸ್ತೆಗಿಳಿಸುವ ಕೆಲಸ ಈಗ ಜೋರಾಗಿ ನಡೆದಿದೆ. ಬಣ್ಣ ಬಳಿದ ಗಾಡಿಯ ಫೋಟೊಗಳು ಎಲ್ಲೆಡೆ ಓಡಾಡುತ್ತವೆ. ಆ ಬಣ್ಣದ ಕೆಳಗೆ ಏನಾಗಿದೆ ಎಂಬುದನ್ನು ಕೇಳುವವರು ಕಡಿಮೆ. ಗುಜರಿಯಿಂದ ಬಾಕ್ಸ್ ತಂದು, ಆಮೇಲೆ ಚಾಸಿ ಕೊಯ್ದು ಜಾಗ ಮಾಡುವ ಪದ್ಧತಿ ತಲೆಕೆಳಗಾದದ್ದು. ಕೆಲಸ ಮುಂದಿನ ಹೌಸಿಂಗ್‌ನಿಂದ (ಮುಂದಿನ ಆಕ್ಸಲ್ ಕೂತ ಕವಚ) ಶುರುವಾಗಿ ಸ್ಟೇರಿಂಗ್‌ಗೆ ಬಂದು, ಕೊನೆಗೆ ಗೇರ್ ಬಾಕ್ಸ್ ಮುಟ್ಟಬೇಕು. ಇದನ್ನು ವಿವರವಾಗಿ ಹೇಳುವುದು ಈ ಪತ್ರದ ಉದ್ದೇಶ.

ಈ ವಂಶದ ಗಾಡಿಗಳ ಮೂಲ ಸಾಮಾನು ಯಾವುದೆಂದು ಮೊದಲು ತಿಳಿಯೋಣ. ಅಮೆರಿಕದಲ್ಲಿ 1947ರಿಂದ 1965ರವರೆಗೆ ತಯಾರಾದ ವಿಲ್ಲೀಸ್ ಫೋರ್‌ವೀಲ್ ಪಿಕಪ್‌ನ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) 118 ಇಂಚು. ನಮ್ಮಲ್ಲಿ ಮಹೀಂದ್ರ ತಯಾರಿಸಿದ ಸಿಜೆ-3ಬಿ ಜೀಪಿನದು 80 ಇಂಚು. ಎರಡಕ್ಕೂ ಬೆನ್ನೆಲುಬು ಒಂದೇ: ಟಿ-90 ಎಂಬ ಮೂರು ಗೇರಿನ ಬಾಕ್ಸ್, ಅದರ ಬೆನ್ನಿಗಂಟಿದ ಡಾನಾ-18 ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ರಾಸ್ ಕ್ಯಾಮ್-ಲಿವರ್ ಸ್ಟೇರಿಂಗ್ ಬಾಕ್ಸ್, ಮುಂದೆ ಗುಂಡು ನಕಲ್ (ಚಕ್ರ ಹೊತ್ತು ಎಡಬಲಕ್ಕೆ ತಿರುಗುವ ತುಂಡು) ಇರುವ ಹೌಸಿಂಗ್. ಹೌಸಿಂಗ್‌ನೊಳಗಿನ ಕ್ರೌನ್-ಪಿನಿಯನ್ ಗೇರು ಜೋಡಿಯ ಹಲ್ಲು ಬಹುಪಾಲು 43ಕ್ಕೆ 8, ಅಂದರೆ ಅನುಪಾತ 5.38. ಹಾಗಾಗಿ ಜೀಪಿಗೆ ಹೇಳಿದ ಬಹಳಷ್ಟು ಮಾತು ಪಿಕಪ್‌ಗೂ ಸಲ್ಲುತ್ತದೆ. ವ್ಯತ್ಯಾಸ ಉದ್ದದಲ್ಲಿದೆ, ಅದು ಪಿಕಪ್‌ನ ಭಾಗ್ಯ. ಗೇರ್ ಬಾಕ್ಸ್ ಉದ್ದವಾದಷ್ಟೂ ಟ್ರಾನ್ಸ್‌ಫರ್ ಕೇಸ್ ಹಿಂದೆ ಸರಿದು ಹಿಂದಿನ ಪ್ರೊಪೆಲರ್ ಶಾಫ್ಟ್ ಗಿಡ್ಡವಾಗುತ್ತದೆ, ಅದರ ಕೋನ ಕಡಿದಾಗುತ್ತದೆ. 80 ಇಂಚಿನ ಜೀಪಿನಲ್ಲಿ ಇದು ತಲೆನೋವು. 118 ಇಂಚಿನ ಪಿಕಪ್‌ನಲ್ಲಿ ಜಾಗ ಧಾರಾಳ.

ಈಗ ಸ್ಟೇರಿಂಗ್. "ಹಳೆ ಗಾಡಿ, ಸ್ಟೇರಿಂಗ್ ಭಾರ, 45 ಕಿ.ಮೀ. ವೇಗಕ್ಕೆ ಹೋದರೆ ಮುಂದಿನ ಚಕ್ರ ನಡುಗಿ ಒದರುತ್ತದೆ, ಪವರ್ ಸ್ಟೇರಿಂಗ್ ಹಾಕಿಸಿದರೆ ಸರಿಹೋಗುತ್ತದೆ" ಎಂಬ ಮಾತು ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಒದರುವುದಕ್ಕೂ ಸ್ಟೇರಿಂಗ್ ಬಾಕ್ಸಿಗೂ ಸಂಬಂಧ ತೀರಾ ಕಡಿಮೆ. ಒದರುವ ಗಾಡಿಗೆ ಪವರ್ ಬಾಕ್ಸ್ ಕೂರಿಸಿದರೆ ಕೈಗೆ ಅದು ಗೊತ್ತಾಗುವುದು ನಿಲ್ಲುತ್ತದೆ ಅಷ್ಟೇ, ಚಕ್ರದಲ್ಲಿ ಹಾಗೇ ಇರುತ್ತದೆ. ಸ್ಟೇರಿಂಗ್ ಡ್ಯಾಂಪರ್ ಹಾಕಿಸುವುದೂ ಇದೇ ಜಾತಿಯ ಮುಚ್ಚುವ ಕೆಲಸ.

ಪತ್ತೆ ಹಚ್ಚುವ ಕ್ರಮ ಸುಲಭ. ಗಾಡಿಯನ್ನು ನೆಲದ ಮೇಲೆ, ಚಕ್ರದ ಮೇಲೆ ಭಾರ ಇರುವಂತೆಯೇ ನಿಲ್ಲಿಸಿ. ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಕೀಲನ್ನೂ ಕೈಯಿಟ್ಟು ನೋಡಲಿ. ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿನಿಂದ ಹೊರಡುವ ತೋಳು), ಡ್ರಾಗ್ ಲಿಂಕ್ (ಆ ತೋಳು ನೂಕುವ ಸರಳು), ನಡುವಿನ ಬೆಲ್ ಕ್ರ್ಯಾಂಕ್, ಚಕ್ರಗಳಿಗೆ ಹೋಗುವ ಟೈ ರಾಡ್ ಸರಳಿನ ಬಾಲ್ ಜಾಯಿಂಟ್‌ಗಳು, ಈ ಸರದಿಯಲ್ಲಿ. ಆಮೇಲೆ ಮುಂದಿನ ಹೌಸಿಂಗ್‌ಗೆ ಜಾಕ್ ಕೊಟ್ಟು, ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಸಡಿಲದ ಆಟ ಮಾಯವಾದರೆ ಅದು ವೀಲ್ ಬೇರಿಂಗ್‌ನದು, ಒತ್ತಿದರೂ ಉಳಿದರೆ ಕಿಂಗ್ ಪಿನ್‌ನದು (ನಕಲ್ ತಿರುಗುವ ಅಚ್ಚು). ಈ ಗಾಡಿಗಳ ರೋಗದಲ್ಲಿ ಮುಕ್ಕಾಲು ಪಾಲು ಬೆಲ್ ಕ್ರ್ಯಾಂಕ್ ಮತ್ತು ಕಿಂಗ್ ಪಿನ್ ಬೇರಿಂಗ್‌ನಲ್ಲೇ ಸಿಗುತ್ತದೆ.

ಬೆಲ್ ಕ್ರ್ಯಾಂಕ್ ಮುಂದಿನ ಕ್ರಾಸ್ ಮೆಂಬರ್ ಮೇಲೆ ಒಂದು ಪಿನ್ನಿನ ಸುತ್ತ ತಿರುಗುವ ಸನ್ನೆ. ಒಳಗೆ ನೀಡಲ್ ಬೇರಿಂಗ್. ಕೆಸರು ಸೇರಿ, ಗ್ರೀಸ್ ಕಾಣದೆ ಪಿನ್ ಒಂದು ಮಗ್ಗುಲಿಗೆ ತಿಂದುಹೋಗುತ್ತದೆ. ಬೇರಿಂಗ್ ಮಾತ್ರ ಬದಲಿಸಿ ಹಳೆ ಪಿನ್ ಉಳಿಸಿದರೆ ತಿಂಗಳೊಪ್ಪತ್ತಿನಲ್ಲಿ ಮೊದಲಿನ ಸ್ಥಿತಿಗೇ ಬರುತ್ತದೆ. ಪಿನ್, ಬೇರಿಂಗ್, ಸೀಲ್ ಒಟ್ಟಿಗೇ ಬದಲಾಗಬೇಕು. ಪಿನ್ ಕೂರುವ ಚಾಸಿಯ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದನ್ನು ಬೋರ್ ಮಾಡಿಸಿ ಬುಷ್ ಹಾಕಿಸಬೇಕು. ಅಲ್ಲಿ ವೆಲ್ಡಿಂಗ್ ತುಂಬಿ ಕೈಡ್ರಿಲ್ ಹೊಡೆಯುವುದನ್ನು ಕೆಲಸವೆಂದು ಕರೆಯಲಾಗದು.

ಕಿಂಗ್ ಪಿನ್‌ಗೆ ಮೇಲೊಂದು ಕೆಳಗೊಂದು ಟೇಪರ್ ರೋಲರ್ ಬೇರಿಂಗ್. ಬಿಗಿತ ತರುವುದು 3, 5, 10, 30 ಥೌ (ಇಂಚಿನ ಸಾವಿರದ ಒಂದು ಭಾಗ) ದಪ್ಪದ ಶಿಮ್ ಎಂಬ ತೆಳು ತಗಡುಗಳು. ಮೇಲಿನ ಮತ್ತು ಕೆಳಗಿನ ಶಿಮ್‌ಗಳ ಒಟ್ಟು ದಪ್ಪ ಸಮನಾಗಿರಬೇಕು, ಇಲ್ಲದಿದ್ದರೆ ನಕಲ್ ಗುಂಡಿನ ನಡುಮಧ್ಯದಲ್ಲಿ ನಿಲ್ಲದೆ ಒಳಗಿನ ಶಾಫ್ಟ್‌ನ ಜಾಯಿಂಟ್ ಓರೆಯಾಗಿ ತಿರುಗುತ್ತದೆ. ಗುಂಡಿನ ದೊಡ್ಡ ಸೀಲ್ ಬಿಚ್ಚಿಟ್ಟು, ನಕಲ್ ಆರ್ಮ್‌ನ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಬಿಗಿತ ನೋಡಬೇಕು. ಸೀಲ್ ಇದ್ದಾಗ ನೋಡಿದರೆ ಸೀಲ್‌ನ ತಿಕ್ಕಾಟವೇ ಬಿಗಿತದಂತೆ ಕಂಡು ಮೋಸವಾಗುತ್ತದೆ. ಗುಂಡಿನ ಹೊರಮೈ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಎಷ್ಟು ಸೀಲ್ ಹಾಕಿದರೂ ಮಳೆಗಾಲದಲ್ಲಿ ನೀರು ಒಳಗೆ ಹೋಗಿಯೇ ಹೋಗುತ್ತದೆ.

ಇಷ್ಟಾದ ಮೇಲೆ ಕೋನಗಳು. ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲುವ ಕೋನ) 3 ಡಿಗ್ರಿ, ಕ್ಯಾಂಬರ್ (ಚಕ್ರದ ಮೇಲ್ಭಾಗ ಹೊರಕ್ಕೆ ವಾಲುವ ಕೋನ) ಒಂದೂವರೆ ಡಿಗ್ರಿ, ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ಒಂದೂಕಾಲರಿಂದ ಎರಡೂವರೆ ಮಿ.ಮೀ. ಒಳಗೆ. ಜಾಗ ಬೇಕೆಂದು ಉದ್ದ ಶಾಕಲ್ (ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿದ ಗಾಡಿಗಳಲ್ಲಿ ಕ್ಯಾಸ್ಟರ್ ಬದಲಾಗಿರುತ್ತದೆ. ಹಳೆ ಜೀಪಿನ ಮುಂದಿನ ಪಟ್ಟಿಗಳಿಗೆ ಶಾಕಲ್ ಮುಂಭಾಗದಲ್ಲಿದೆ. ಅಲ್ಲಿ ಎತ್ತರ ಹೆಚ್ಚಿಸಿದರೆ ಕ್ಯಾಸ್ಟರ್ ಹೆಚ್ಚಿ ಸ್ಟೇರಿಂಗ್ ಭಾರವಾಗುತ್ತದೆ, ಪಿನಿಯನ್ ಕೆಳಕ್ಕೆ ಬಾಗಿ ಮುಂದಿನ ಶಾಫ್ಟ್‌ನ ಕೋನ ಕೆಡುತ್ತದೆ. ಸರಿಪಡಿಸಲು ಪಟ್ಟಿಗೂ ಹೌಸಿಂಗ್‌ಗೂ ನಡುವೆ ಓರೆ ಶಿಮ್ ಬೇಕು, ಕಬ್ಬಿಣದ್ದೇ ಆಗಬೇಕು. ಅಲ್ಯೂಮಿನಿಯಂ ಶಿಮ್ ಒಡೆದು ಉದುರುತ್ತದೆ.

ಇದೆಲ್ಲ ಸರಿಯಾದ ಮೇಲೂ ರಾಸ್ ಬಾಕ್ಸ್ ಸಡಿಲವೆನಿಸಿದರೆ ಅದರ ಲಿವರ್ ಶಾಫ್ಟ್‌ನ ಎರಡು ಶಂಕುವಿನಾಕಾರದ ಪಿನ್‌ಗಳನ್ನು ನೋಡಿ. ಅವು ಸವೆದಾಗ ಮಗ್ಗುಲಿನ ಸ್ಕ್ರೂ ಬಿಗಿಮಾಡುತ್ತಾ ಹೋಗುವುದು ಎಲ್ಲರ ಅಭ್ಯಾಸ. ನೇರ ಓಡುವಾಗಿನ ಜಾಗದಲ್ಲೇ ಸವೆತ ಹೆಚ್ಚು. ಅಲ್ಲಿ ಸರಿಯಾಗುವಷ್ಟು ಬಿಗಿದರೆ ಪೂರ್ತಿ ತಿರುಗಿಸಿದಾಗ ಕಚ್ಚಿಹಿಡಿಯುತ್ತದೆ. ಸ್ಟೇರಿಂಗ್ ತಾನಾಗಿ ಹಿಂದಿರುಗದ ಗಾಡಿಗಳ ಕಥೆ ಹಲವು ಬಾರಿ ಇದೇ. ನಮ್ಮ ಅಭಿಪ್ರಾಯ: ದಿನಕ್ಕೆ ಹತ್ತಾರು ಕಿಲೋಮೀಟರ್ ತೋಟದೊಳಗೆ ಓಡುವ ಗಾಡಿಗೆ ಸರಿಯಾಗಿ ಕಟ್ಟಿದ ರಾಸ್ ಬಾಕ್ಸ್ ಸಾಕು.

ಅಗಲ ಟೈರ್ ಹಾಕಿದ್ದು, ಹೊರೆ ಹೊತ್ತು ಘಾಟಿ ಹತ್ತಿಳಿಯುವ ಗಾಡಿಯಾದರೆ ಪವರ್ ಸ್ಟೇರಿಂಗ್‌ಗೆ ಅರ್ಥವಿದೆ. ಬೊಲೆರೊದ್ದಾಗಲಿ ಬೇರೆಯದ್ದಾಗಲಿ, ಬಾಕ್ಸ್ ಕೊಳ್ಳುವ ಮೊದಲು ಅದು ಮೂಲ ಗಾಡಿಯಲ್ಲಿ ಆಕ್ಸಲ್‌ನ ಮುಂದಿತ್ತೋ ಹಿಂದಿತ್ತೋ, ಪಿಟ್‌ಮನ್ ಆರ್ಮ್ ಯಾವ ಕಡೆಗೆ ಬೀಸುತ್ತಿತ್ತೋ ಕೇಳಿ ತಿಳಿಯಿರಿ. ಬಾಕ್ಸನ್ನು ತಿರುಗುಮುರುಗಾಗಿ ಕೂರಿಸಿದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಿದಾಗ ಗಾಡಿ ಎಡಕ್ಕೆ ಹೋಗುತ್ತದೆ. ತಮಾಷೆಯಂತೆ ಕೇಳಿಸಿದರೂ ನಿಜ, ಎಣ್ಣೆ ಪೈಪುಗಳನ್ನು ಅದಲುಬದಲು ಮಾಡಿದರೆ ಇದು ಸರಿಹೋಗುವುದಿಲ್ಲ.

ಬಲಗಡೆ ಸ್ಟೇರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಬಾಕ್ಸ್ ಬಲ ಚಾಸಿಗೆ ಕೂತು, ಡ್ರಾಗ್ ಲಿಂಕ್ ಅಡ್ಡಲಾಗಿ ಎಡ ನಕಲ್‌ಗೆ ಹೋಗಬೇಕು. ಎರಡು ನಕಲ್‌ಗಳನ್ನು ಒಂದೇ ಉದ್ದ ಟೈ ರಾಡ್ ಜೋಡಿಸಬೇಕು, ಬೆಲ್ ಕ್ರ್ಯಾಂಕ್ ತೆಗೆಯಬೇಕು. ಗಾಡಿ ಮಾಮೂಲು ಹೊರೆಯಲ್ಲಿ ನಿಂತಾಗ ಡ್ರಾಗ್ ಲಿಂಕ್ ಆದಷ್ಟು ಟೈ ರಾಡ್‌ಗೆ ಸಮಾನಾಂತರವಾಗಿರಲಿ. ಇಳಿಜಾರಾಗಿದ್ದರೆ ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತದೆ.

ಬಾಕ್ಸ್ ಕೂರುವ ಚಾಸಿ ಈ ಇಡೀ ಕೆಲಸದ ಅತ್ಯಂತ ಅಪಾಯದ ಜಾಗ. ಪವರ್ ಬಾಕ್ಸಿನ ನೂಕುಬಲ ಹಳೆ ಬಾಕ್ಸಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬರೀ ಮೂರು ನಾಲ್ಕು ತೂತು ಹೊಡೆದು ಬೋಲ್ಟ್ ಬಿಗಿದರೆ ಚಾಸಿಯ ತಗಡು ಹಿಗ್ಗಿ ಕುಗ್ಗಿ, ತೂತಿನ ಅಂಚಿನಿಂದ ಬಿರುಕು ಹೊರಡುತ್ತದೆ. ಬೋಲ್ಟ್ ಹಾಯುವಲ್ಲಿ ಚಾಸಿಯೊಳಗೆ ದಪ್ಪ ಕೊಳವೆ ತುಂಡು ಕೂರಿಸಬೇಕು, ಆಗ ಬೋಲ್ಟ್ ಬಿಗಿದಾಗ ಚಾಸಿ ಅಪ್ಪಚ್ಚಿಯಾಗದು. ಹೊರಗೆ 6 ಮಿ.ಮೀ. ಪ್ಲೇಟ್. ಬಲ ಚಾಸಿಯಿಂದ ಎಡ ಚಾಸಿಗೆ ಒಂದು ಅಡ್ಡಪಟ್ಟಿ. ಬೋಲ್ಟ್ 10.9 ಗ್ರೇಡ್. ಡ್ರಾಗ್ ಲಿಂಕ್, ಪಿಟ್‌ಮನ್ ಆರ್ಮ್, ನಕಲ್ ಆರ್ಮ್ ಇವುಗಳಿಗೆ ವೆಲ್ಡಿಂಗ್ ಮುಟ್ಟಿಸಬಾರದು. ಆರ್ಮ್ ಕಾಯಿಸಿ ಬಗ್ಗಿಸಿದರೂ ಅದರ ಹದ ಹೋಗುತ್ತದೆ. ಬಾಲ್ ಜಾಯಿಂಟಿನ ಟೇಪರ್ ಹೊಂದದಿದ್ದರೆ ಲೇತ್‌ನಲ್ಲಿ ಸರಿಯಾದ ರೀಮರ್ ಹಾಕಿಸಿ. ತಗಡು ಸುತ್ತಿ ಬಿಗಿದ ಜಾಯಿಂಟ್ ಒಂದಲ್ಲ ಒಂದು ದಿನ ಕಳಚುತ್ತದೆ.

ನಕಲ್‌ನ ಸ್ಟಾಪ್ ಬೋಲ್ಟನ್ನು ಬಾಕ್ಸ್ ತನ್ನ ಒಳಗಿನ ಕೊನೆ ಮುಟ್ಟುವ ಮೊದಲೇ ತಾಗುವಂತೆ ಹೊಂದಿಸಬೇಕು, ಎರಡೂ ಕಡೆ. ಚಕ್ರ ನೇರ ಇರುವಾಗ ಬಾಕ್ಸ್ ತನ್ನ ನಡುಬಿಂದುವಿನಲ್ಲಿರಬೇಕು. ಅದಿಲ್ಲದಿದ್ದರೆ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ತಿರುಗುವುದಷ್ಟೇ ಅಲ್ಲ, ನೇರ ಓಡುವಾಗಲೂ ಆಟ ಇರುತ್ತದೆ. ಸ್ಟೇರಿಂಗ್ ಚಕ್ರದಿಂದ ಬಾಕ್ಸಿಗೆ ಬರುವ ಕಾಲಂ ಶಾಫ್ಟ್‌ಗೆ ಎರಡು ಜಾಯಿಂಟ್ ಬಂದರೆ ಎರಡರ ಯೋಕ್‌ಗಳು (ಜಾಯಿಂಟಿನ ಕವಲುಗಳು) ಒಂದೇ ಸಾಲಿನಲ್ಲಿರಲಿ, ಯಾವುದೇ ಜಾಯಿಂಟಿನ ಕೋನ 30 ಡಿಗ್ರಿ ಮೀರದಿರಲಿ. ಎಣ್ಣೆ ತುಂಬಿದ ಕೂಡಲೇ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮುಂದಿನ ಚಕ್ರ ಎತ್ತಿ, ಎಂಜಿನ್ ಬಂದ್ ಇರುವಾಗಲೇ ಆ ಕೊನೆಯಿಂದ ಈ ಕೊನೆಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಿ, ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ. ನೊರೆ ಎಣ್ಣೆ ಎಳೆದ ಪಂಪ್ ಕಿರುಚುವುದು ಕೆಡುವ ಮೊದಲ ಲಕ್ಷಣ.

ಸಣ್ಣ ಕಾರುಗಳ ಮೋಟಾರಿರುವ ಎಲೆಕ್ಟ್ರಿಕ್ ಸ್ಟೇರಿಂಗ್ ಕಾಲಂ ತಂದು ಕೂರಿಸುವ ಹೊಸ ರೂಢಿಯೂ ಬಂದಿದೆ. ಅಗ್ಗ, ಪೈಪು ಪಂಪುಗಳ ಗೊಡವೆಯಿಲ್ಲ. ಆದರೆ ಅದು ನೂಕುವುದು ಅದೇ ಹಳೆ ರಾಸ್ ಬಾಕ್ಸನ್ನು, ಕೈಗಿಂತ ಹೆಚ್ಚಿನ ಬಲದಿಂದ. ಸವೆದ ಪಿನ್ ಇನ್ನೂ ಬೇಗ ಸವೆಯುತ್ತದೆ. ಪೂರ್ತಿ ತಿರುಗಿಸುವಾಗ ಮೋಟಾರು ಹತ್ತಾರು ಆಂಪಿಯರ್ ಕರೆಂಟ್ ಎಳೆಯುತ್ತದೆ, ಹಳೆ ಡೈನಮೋಗೆ ಅದು ಸಾಧ್ಯವಿಲ್ಲ. ಮೊದಮೊದಲ ವಿಲ್ಲೀಸ್ ಗಾಡಿಗಳದಂತೂ 6 ವೋಲ್ಟ್. ಆಲ್ಟರ್ನೇಟರ್ ಇಲ್ಲದೆ ಆ ಕೆಲಸಕ್ಕೆ ಇಳಿಯಬಾರದು.

ಇನ್ನು ಗೇರ್ ಬಾಕ್ಸ್. ಟಿ-90ರ ಅನುಪಾತಗಳು ಮೊದಲನೆಯದು 2.798, ಎರಡನೆಯದು 1.551, ಮೂರನೆಯದು ನೇರ. ಮೊದಲ ಗೇರಿಗೆ ಸಿಂಕ್ರೋ (ಗೇರು ಕಿರುಚದೆ ಬೀಳಲು ವೇಗ ಹೊಂದಿಸುವ ರಿಂಗ್) ಇಲ್ಲ. ಡಾನಾ-18ರ ಲೋ 2.46. ಮೂರನ್ನೂ ಗುಣಿಸಿದರೆ, 2.798 × 2.46 × 5.38, ಸುಮಾರು 37, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 37 ಸುತ್ತು. ಹೊರೆ ಹೊತ್ತು ಕಡಿದಾದ ತೋಟದ ದಾರಿಯಲ್ಲಿ ಇಳಿಯುವಾಗ ಎಂಜಿನ್ನೇ ತಡೆಯಬೇಕಾದರೆ 37 ಸಾಲದು. ಮೊದಲ ಗೇರು 3.8ರಷ್ಟಿರುವ ಬಾಕ್ಸ್ ಸಿಕ್ಕರೆ ಲೆಕ್ಕ 50ಕ್ಕೆ ಏರುತ್ತದೆ. ಅಮೆರಿಕದಲ್ಲಿ ಈ ಪಿಕಪ್‌ಗಳಿಗೆ ಜನ ಹಾಕುವ ಟಿ-18 ನಾಲ್ಕು ಗೇರಿನ ಬಾಕ್ಸ್‌ನಲ್ಲಿ ಮೊದಲ ಗೇರು 6.32, ಲೆಕ್ಕ 83 ದಾಟುತ್ತದೆ. ನಮ್ಮಲ್ಲಿ ಎಲ್ಲರೂ ಐದನೇ ಗೇರಿನ ವೇಗಕ್ಕೆ ಆಸೆಪಡುತ್ತಾರೆ, ಲಾಭ ಇರುವುದು ಮೊದಲ ಗೇರಿನಲ್ಲಿ.

ವೇಗದ ಲೆಕ್ಕವೂ ಮಾಡೋಣ. 7.00-16 ಟೈರ್ ಒಂದು ಸುತ್ತಿಗೆ ಸುಮಾರು 2.35 ಮೀಟರ್ ಉರುಳುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 567 ಸುತ್ತು. 5.38ರಿಂದ ಗುಣಿಸಿದರೆ ಪ್ರೊಪೆಲರ್ ಶಾಫ್ಟ್ 3050 ಸುತ್ತು. ನೇರ ಗೇರಿನಲ್ಲಿ ಎಂಜಿನ್ ಸಹ ಅಷ್ಟೇ. ಐದನೇ ಗೇರು 0.8 ಆಗಿದ್ದರೆ ಎಂಜಿನ್ 2440ಕ್ಕೆ ಇಳಿಯುತ್ತದೆ, ಕಿವಿಗೆ ಹಿತ. ಆದರೆ ಶಾಫ್ಟ್ ಮತ್ತು ಡಾನಾ-18ರ ಗೇರುಗಳು ತಿರುಗುವುದು ಅದೇ 3050ಕ್ಕೆ. ಎಂಜಿನ್ ಶಾಂತವಾಯಿತೆಂದು 100ಕ್ಕೆ ಒತ್ತಿದರೆ ಅವು 3800ಕ್ಕೆ ಏರುತ್ತವೆ. ಕಡಿದು ಜೋಡಿಸಿ ಬ್ಯಾಲೆನ್ಸ್ ಮಾಡಿಸದ ಶಾಫ್ಟ್ ಅಲ್ಲಿ ನಡುಗಿ, ಕ್ರಾಸ್ ಬೇರಿಂಗ್ ಕಿತ್ತು, ಔಟ್‌ಪುಟ್ ಸೀಲ್ ಸೋರಿಸುತ್ತದೆ. ಅಂಥ ವೇಗಕ್ಕೆ ಹಳೆ ಡ್ರಮ್ ಬ್ರೇಕು ಸಾಲುವುದಿಲ್ಲ. ಐದನೇ ಗೇರಿನ ಜೊತೆಗೆ 4.27ರ ಕ್ರೌನ್-ಪಿನಿಯನ್ ಸಹ ಹಾಕಿಸುವವರಿದ್ದಾರೆ: 0.8 × 4.27 ಅಂದರೆ 3.42. ಅರವತ್ತು ಎಪ್ಪತ್ತು ಅಶ್ವಶಕ್ತಿಯ ಹಳೆ ಪೆಟ್ರೋಲ್ ಎಂಜಿನ್ ಆ ಗೇರನ್ನು ಬಯಲಿನಲ್ಲೂ ಎಳೆಯಲಾರದು, ಚಾರ್ಮಾಡಿ ಘಾಟಿಯ ಮಾತು ದೂರ ಉಳಿಯಿತು.

ಕ್ರೌನ್-ಪಿನಿಯನ್ ಮುಟ್ಟುವುದಾದರೆ ಮುಂದೆ ಹಿಂದೆ ಎರಡೂ ಒಂದೇ ಆಗಿರಬೇಕು. ಹಿಂದಿನ ಹೌಸಿಂಗ್ ಬದಲಾದ ಗಾಡಿಗಳಲ್ಲಿ ಮುಂದೆ 5.38, ಹಿಂದೆ 4.88 ಇರುವುದುಂಟು. ಗಟ್ಟಿ ನೆಲದಲ್ಲಿ ಫೋರ್‌ವೀಲ್ ಹಾಕಿದ ಕೂಡಲೇ ಲಿವರ್ ಹೊರಬಾರದಂತೆ ಬಿಗಿಯುತ್ತದೆ. ಎರಡೂ ಚಕ್ರ ಎತ್ತಿ, ಎರಡೂ ಒಟ್ಟಿಗೆ ಒಂದು ಸುತ್ತು ಬರುವಂತೆ ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ಬಂತೆಂದು ಎಣಿಸಿದರೆ ಅನುಪಾತ ತಿಳಿಯುತ್ತದೆ.

ಯಾವ ಬಾಕ್ಸ್ ತಂದರೂ ಡಾನಾ-18 ಉಳಿಸಿಕೊಳ್ಳುವುದು ಲೇಸು. ಅದರ ಮುಂದಿನ ಹಿಂದಿನ ಔಟ್‌ಪುಟ್‌ಗಳು ಒಂದೇ ಸಾಲಿನಲ್ಲಿ, ಗೇರ್ ಬಾಕ್ಸಿನ ಮಗ್ಗುಲಿಗಿವೆ. ನಡುವಿನಲ್ಲಿ ಔಟ್‌ಪುಟ್ ಇರುವ ಟ್ರಾನ್ಸ್‌ಫರ್ ಕೇಸ್ ತಂದರೆ ಹಿಂದಿನ ಹೌಸಿಂಗನ್ನೂ ಬದಲಿಸಬೇಕಾಗುತ್ತದೆ. ಇನ್ನೊಂದು ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ: ಈ ಗಾಡಿಗಳ ಕೈಬ್ರೇಕ್ ಇರುವುದೇ ಡಾನಾ-18ರ ಹಿಂದಿನ ಔಟ್‌ಪುಟ್‌ನ ಡ್ರಮ್ಮಿನಲ್ಲಿ. ಕೇಸ್ ಹೋದರೆ ಕೈಬ್ರೇಕೂ ಹೋಯಿತು. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವ 'ಹೊಸ' ಪಿಕಪ್‌ಗಳು ಹಾಗೆ ಹುಟ್ಟಿದವು.

ಬಾಕ್ಸ್ ಕೂರಿಸುವಾಗ ಅದನ್ನು ಎಂಜಿನ್ನಿಗೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಎಂಜಿನ್ನಿಗೆ ಕೇಂದ್ರವಾಗಿದೆಯೇ ಎಂದು ಡಯಲ್ ಗೇಜ್‌ನಿಂದ ಅಳೆಯಿರಿ. ಕ್ರ್ಯಾಂಕ್‌ಗೆ ಗೇಜ್ ಕಟ್ಟಿ ಬೆಲ್ ಹೌಸಿಂಗ್‌ನ ತೂತಿನ ಅಂಚಿನಲ್ಲಿ ಒಂದು ಸುತ್ತು ತಿರುಗಿಸಿದಾಗ ಮುಳ್ಳು 5 ಥೌ, ಅಂದರೆ 0.13 ಮಿ.ಮೀ. ಮೀರಬಾರದು. ಮೀರಿದರೆ ಬಾಕ್ಸ್ ಶಾಫ್ಟಿನ ತುದಿ ಕೂರುವ ಪೈಲಟ್ ಬುಷ್ ಸವೆಯುತ್ತದೆ, ಗೇರು ತಾನಾಗಿ ಹೊರಬೀಳುತ್ತದೆ, ಜನ ಸಿಂಕ್ರೋ ಬದಲಿಸುತ್ತಾ ಕೂರುತ್ತಾರೆ. ಡಾನಾ-18ರ ಔಟ್‌ಪುಟ್ ಶಾಫ್ಟಿನ ಉದ್ದಾಟ (ಹಿಂದೆ ಮುಂದೆ ಸರಿಯುವ ಆಟ) 4ರಿಂದ 8 ಥೌ ಒಳಗಿರಲಿ. ನಡುವಿನ ಇಂಟರ್ಮೀಡಿಯೇಟ್ ಶಾಫ್ಟ್ ಸವೆದಿದ್ದರೆ ಗೇರಿನ ಕೂಗಾಟಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಎಣ್ಣೆ ದಾಟುವುದರಿಂದ ಎರಡಕ್ಕೂ ಒಂದೇ ಎಣ್ಣೆ, ಜಿಎಲ್-4 ದರ್ಜೆಯದು. ಎಲ್ಲೆಡೆ ಸಿಗುವ ಜಿಎಲ್-5 ಎಣ್ಣೆಯ ರಾಸಾಯನಿಕ ಹಿತ್ತಾಳೆ-ಕಂಚಿನ ಸಿಂಕ್ರೋ ರಿಂಗ್‌ಗಳನ್ನು ತಿನ್ನಬಹುದು. ಎಂಜಿನ್ನಿಂದ ಕ್ರಾಸ್ ಮೆಂಬರ್‌ಗಿದ್ದ ಸ್ಟೇ ರಾಡನ್ನು ಬೇಡದ ಸಾಮಾನೆಂದು ಎಸೆಯಬೇಡಿ, ಅದಿಲ್ಲದೆ ಕ್ಲಚ್ ಒತ್ತಿದಾಗ ಎಂಜಿನ್ ಮುಂದೆ ಸರಿದು ಗಾಡಿ ಜಗ್ಗುತ್ತದೆ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕೆಂದರೆ ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಚಾಸಿ ಕೊಯ್ದು ಪವರ್ ಬಾಕ್ಸ್ ಕೂರಿಸಿದವರು ಆಮೇಲೆ ಆ ನೋಂದಣಿಗೆ ಹೋದರೆ ಬರಿಗೈಯಲ್ಲಿ ಬರುತ್ತಾರೆ. ಕೊಯ್ಯುವ ಮೊದಲೇ ಯೋಚಿಸಬೇಕು.

ಸಾರಿಗೆ ಇಲಾಖೆಗೆ ಒಂದು ಕೋರಿಕೆ ಇದೆ. ಸವೆದ ಭಾಗಕ್ಕೆ ಬದಲಿ ಹಾಕುವುದು ಯಾವುದು, ಮಾರ್ಪಾಡು ಯಾವುದು ಎಂದು ಹಳೆ ಗಾಡಿಗಳ ಮಾಲೀಕರಿಗೂ ಗ್ಯಾರೇಜಿನವರಿಗೂ ತಿಳಿಯುವಂತೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಹೊರಡಿಸಲಿ. ಫಿಟ್‌ನೆಸ್‌ಗೆ ಬಂದ ಹಳೆ ಪಿಕಪ್‌ನ ಹಾರ್ನ್, ಲೈಟು, ಬಣ್ಣದ ಪಟ್ಟಿ ನೋಡಿದ ಮೇಲೆ ಮುಂದಿನ ಹೌಸಿಂಗ್‌ಗೆ ಜಾಕ್ ಕೊಟ್ಟು ಕಿಂಗ್ ಪಿನ್ ಅಲುಗಿಸಲಿ, ಸ್ಟೇರಿಂಗ್ ಬಾಕ್ಸಿನ ಸುತ್ತಲಿನ ಚಾಸಿಯನ್ನು ಟಾರ್ಚ್ ಹಾಕಿ ನೋಡಲಿ, ಇಳಿಜಾರಿನಲ್ಲಿ ಕೈಬ್ರೇಕ್ ಎಳೆಸಲಿ. ಹತ್ತು ನಿಮಿಷ ಸಾಕು.

— ಹಳೆ ಜೀಪು, ಪಿಕಪ್ ದುರಸ್ತಿ ಕೆಲಸದವರು, ಚಿಕ್ಕಮಗಳೂರು